ಕಾಕ್‌ಪಿಟ್‌ನ ಮುಚ್ಚಳ

ಅಂಟು ಒಣಗಲಿ ಎಂದು ಕಾಯುವುದೆಂದರೆ ನನಗೆ ಪ್ರಾಣಸಂಕಟ. ಬಸ್ ಓಡಿಸುವವಳು ನಾನು; ಸಿಗ್ನಲ್‌ನಲ್ಲಿ ನಿಂತರೇ ಮೈ ಪರಚಿಕೊಳ್ಳುವಂತಾಗುತ್ತದೆ. ಅಪ್ಪ ಹಾಗಲ್ಲ. ಬಿಡಿಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ವಿಮಾನದ ಕಿಟ್ ಒಂದು ತಂದರೆ ತಿಂಗಳುಗಟ್ಟಲೆ ತಪಸ್ಸು. ಈ ಸಲದ್ದು ಅಂಗೈಯಗಲದ ಯುದ್ಧವಿಮಾನ. ಅದರ ಕಾಕ್‌ಪಿಟ್‌ನೊಳಗೆ ಸಾಸಿವೆ ಕಾಳಿನಷ್ಟು ಡಯಲ್‌ಗಳು, ಒಂದೊಂದಕ್ಕೂ ಬಿಳಿ ಮುಳ್ಳು. ಎಲ್ಲ ಅಪ್ಪನೇ ಕುಂಚದ ತುದಿಯಲ್ಲಿ ಬಳಿದದ್ದು. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು.

“ಆಪರೇಷನ್ ಆದ್ಮೇಲೂ ಆ ಮುಳ್ಳು ಕಾಣ್ಲಿಲ್ಲ ಅಂದ್ರೆ ಈ ಮೇಜು, ಸಾಮಾನು ಎಲ್ಲ ಯಾರಿಗಾದ್ರೂ ಕೊಟ್ಬಿಡೋಣ ಕಣಮ್ಮ,” ಎಂದರು ಆಸ್ಪತ್ರೆಗೆ ಹೊರಟಾಗ. ಆ ಮೇಜು ಬಿಟ್ಟರೆ ಅಪ್ಪನಿಗೆ ಬೇರೆ ಏನಿದೆ?

ಬಾಕಿಯಿದ್ದದ್ದು ಕಾಕ್‌ಪಿಟ್‌ನ ಗಾಜಿನಂಥ ಮುಚ್ಚಳ ಅಂಟಿಸುವ ಕೆಲಸ. ಅದನ್ನು ನನಗೆ ವಹಿಸಿದ್ದರು. “ಬಿಳಿ ಗೋಂದಲ್ಲೇ ಅಂಟಿಸು, ಒಂದಿಡೀ ದಿನ ಮುಟ್ಬೇಡ,” ಎಂದು ನೂರು ಸಲ ಹೇಳಿದ್ದರು. ನನಗೋ ನೆನಪಾದದ್ದು ಕಣ್ಣಿನ ಪಟ್ಟಿ ಬಿಚ್ಚಿಸಿ ಅವರನ್ನು ಕರೆತರಲು ಹೊರಟಾಗ! ಚಪ್ಪಲಿ ಅಂಟಿಸುವ, ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಅಂಟು ಕೈಗೆ ಸಿಕ್ಕಿತು. ಸುತ್ತ ಹಚ್ಚಿದೆ, ಒತ್ತಿದೆ, ಆಯಿತಲ್ಲ ಎಂದು ಓಡಿದೆ.

ಮನೆಗೆ ಬಂದವರೇ ಅಪ್ಪ ಸೀದಾ ಮೇಜಿಗೆ ಹೋದರು. ಭೂತಗನ್ನಡಿ ಹಿಡಿದು ಬಗ್ಗಿದರು. ಅದನ್ನು ಒರೆಸಿದರು. ಮತ್ತೆ ಬಗ್ಗಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು.

“ಬರೀ ಬೆಳ್ಳಗೆ ಕಾಣುತ್ತಮ್ಮ. ಮೊದಲಿನ ಹಾಗೇ.”

“ಇನ್ನೂ ಇವತ್ತು ಪಟ್ಟಿ ಬಿಚ್ಚಿದಾರೆ, ಸುಮ್ನೆ ಏನೇನೋ ಅನ್ಬೇಡಿ!” ಎಂದು ರೇಗಿದೆ. ರೇಗಿದ್ದು ಹೆದರಿಕೆಗೆ. ನಾನೂ ಬಗ್ಗಿ ನೋಡಿದೆ. ನನಗೂ ಬೆಳ್ಳಗೇ ಕಂಡಿತು! ಅಂಟಿನ ಹಬೆ ಮುಚ್ಚಳದ ಒಳಮೈಗೆಲ್ಲ ಮಂಜಿನಂತೆ ಹಿಡಿದುಬಿಟ್ಟಿತ್ತು. ಬಿಳಿ ಗೋಂದು, ಬಿಳಿ ಗೋಂದು ಎಂದು ಅವರು ಬಡಿದುಕೊಂಡಿದ್ದು ಇದಕ್ಕೇ.

“ಅಪ್ಪಾ, ನಿಮ್ಮ ಕಣ್ಣಿಗೇನೂ ಆಗಿಲ್ಲ! ಎಲ್ಲ ನನ್ನ ಹಾಳು ಆತುರ!” ಎನ್ನುತ್ತ ಬ್ಲೇಡ್ ತೂರಿಸಿ ಮೀಟಿದೆ. ಮುಚ್ಚಳ ಫಟ್ಟೆಂದು ಎರಡು ಹೋಳಾಗಿ ಕಳಚಿ ಬಂತು.

ಅಪ್ಪ ಬೈಯಲಿಲ್ಲ. ಭೂತಗನ್ನಡಿ ಎತ್ತಿಕೊಂಡರು.

“ಎಡಗಡೆ ಎರಡನೇ ಮುಳ್ಳು ಸೊಟ್ಟಗಿದೆ,” ಎಂದರು. “ಯಾರು ಬಳಿದಿದ್ದು ಇದನ್ನ, ನೀನಾ?”

“ನೀವೇ ಅಪ್ಪಾ! ನೀವೇ ಬಳಿದಿದ್ದು!”

ನನಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂತು. ಅಪ್ಪ ಆಗಲೇ ಕುಂಚ ಹುಡುಕುತ್ತಿದ್ದರು.