ಟೇಲರಮ್ಮ ಹೋದ ದಿನ

"ಕಾಲು ಎತ್ತಿ ಹಿಡ್ಕೊ," ಎಂದು ಸೊಸೆ ಹೇಳಿದಾಗ ಪಕ್ಕದ ಮನೆಯ ಹುಡುಗಿ ಹೆಣದ ತಣ್ಣನೆಯ ಪಾದಗಳನ್ನು ಎತ್ತಿ ಹಿಡಿದಳು. ಸೊಸೆ ಅತ್ತೆಯ ಹಿಮ್ಮಡಿಗೆ ನೀರು ಹೊಯ್ದು ಒರೆಸಿದಳು. ಊರಿಗೆಲ್ಲ ಟೇಲರಮ್ಮನಾಗಿದ್ದವಳು. ಜೀವಮಾನವಿಡೀ ಹೊಲಿಗೆ ಮೆಷಿನ್ ತುಳಿದ ಪಾದಗಳು ಒರಟಾಗಿದ್ದವು.

"ಅಕ್ಕಾ," ಹುಡುಗಿ ಪಿಸುಗುಟ್ಟಿದಳು. "ಇವತ್ತು ಸಂಜೆ ಜೀಪು ಬರುತ್ತಂತೆ. ನನ್ನನ್ನ ಗಂಡಿನ ಊರಿಗೇ ಕರ್ಕೊಂಡು ಹೋಗಿ ಮದುವೆ ಮಾಡ್ತಾರಂತೆ."

ಸೊಸೆಯ ಕೈ ನಿಂತಿತು. "ಯಾರು ಹೇಳಿದ್ರು?"

"ಅಪ್ಪ ಫೋನಲ್ಲಿ ಮಾತಾಡ್ತಿದ್ದ. ಟೇಲರಮ್ಮ ಹೋದ್ಲು, ಇನ್ನು ಅಡ್ಡ ಬರೋರಿಲ್ಲ ಅಂದ."

ಹುಡುಗಿಗೆ ಹದಿನೈದು. ಅವಳಪ್ಪ ಹೊರಗೆ ಚಟ್ಟ ಕಟ್ಟುತ್ತಿದ್ದ. ಬೆಳಿಗ್ಗೆ ಬಂದವನು ನಿಜವಾಗಿಯೂ ಅತ್ತಿದ್ದ.

*

ಊರಿನ ಗುಟ್ಟಿನ ಮದುವೆಗಳೆಲ್ಲ ಮೊದಲು ತಿಳಿಯುತ್ತಿದ್ದುದು ಟೇಲರಮ್ಮನಿಗೆ. ಎಷ್ಟೇ ಮುಚ್ಚಿಟ್ಟರೂ ಮದುವೆ ಬಟ್ಟೆ ಹೊಲಿಸಲೇಬೇಕಲ್ಲ. ಅವಳ ಸ್ವಂತ ಮಗಳ ಮದುವೆಯೂ ಚಿಕ್ಕ ವಯಸ್ಸಿಗೇ ಆಗಿತ್ತು. ಮರುವರ್ಷ ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಉಳಿಯಲಿಲ್ಲ.

"ಬಟ್ಟೆ ಬಿಗಿಯಾಗ್ತಿದೆ, ಹೊಲಿಗೆ ಬಿಚ್ಚಿಕೊಡಮ್ಮಾ ಅಂದ್ಲು. ಬಿಚ್ಚಿಕೊಟ್ಟೆ. ಅದರಾಚೆ ನಂಗೇನೂ ತೋಚಲಿಲ್ಲ," ಎಂದು ಸೊಸೆಯ ಹತ್ತಿರ ಒಮ್ಮೆ ಮಾತ್ರ ಹೇಳಿದ್ದಳು.

ಆಮೇಲೆ ಮದುವೆ ಬಟ್ಟೆಯ ಅಳತೆಗೆ ಎಳೆ ಹುಡುಗಿ ಬಂದರೆ ಟೇಲರಮ್ಮ ಟೇಪು ಮಡಚಿಟ್ಟು ಎದ್ದುಬಿಡುತ್ತಿದ್ದಳು. ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಹೋಗಿ ಆ ಮನೆಯ ಬಾಗಿಲಲ್ಲಿ ಕೂರುತ್ತಿದ್ದಳು. ಕೂಗಾಟವಿಲ್ಲ. "ಹುಡುಗಿ ಬೆಳೀಲಿ, ಬಟ್ಟೆ ನಾನೇ ಬಿಟ್ಟಿ ಹೊಲಿದುಕೊಡ್ತೀನಿ," ಎನ್ನುತ್ತಿದ್ದಳು. ಕೆಲವರು ಒಪ್ಪಿದರು, ಕೆಲವರು ಬೈದರು. ಒಮ್ಮೆ ಯಾರೋ ಕಿಟಕಿಗೆ ಕಲ್ಲು ಹೊಡೆದರು. ಅಂದಿನಿಂದ ಯಾರಾದರೂ ಬಾಗಿಲು ಬಡಿದರೆ ಸೊಸೆ ಕಿಟಕಿಯಲ್ಲಿ ಇಣುಕದೆ ಚಿಲಕ ತೆಗೆಯುತ್ತಿರಲಿಲ್ಲ.

*

"ನಮಗ್ಯಾಕೆ ಊರ ಉಸಾಬರಿ?" ಎಂದ ಸೊಸೆಯ ಗಂಡ, ಅವಳು ಜೀಪಿನ ಸುದ್ದಿ ಹೇಳಿದಾಗ ಮುಖ ತಿರುಗಿಸಿಕೊಂಡು. "ಅಮ್ಮನ ಜೊತೆಗೇ ಅದೂ ಹೋಯ್ತು ಅಂದ್ಕೊ. ನಾವಿಲ್ಲಿ ಬಾಳಬೇಕು."

ಸೊಸೆಗೂ ಅದೇ ಸರಿ ಎನ್ನಿಸಿತು. ಆದರೆ ಚಟ್ಟಕ್ಕೆ ಹೆಗಲು ಕೊಡಲು ಹುಡುಗಿಯ ಅಪ್ಪ ಬಾಗಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಮಾವ, ಹುಡುಗಿ ಇವತ್ತು ನಮ್ಮನೇಲೇ ಇರ್ತಾಳೆ."

"ಯಾಕೆ?"

"ಸಂಜೆ ಜೀಪು ಬರುತ್ತಲ್ಲ, ಅದಕ್ಕೆ."

"ಹೆಣದ ಮುಂದೆ ಆಡೋ ಮಾತಾ ಇದು?" ಎಂದ ಅವನು.

"ಹೆಣ ಎತ್ತೋಕೆ ಮುಂಚೆ ಫೋನ್ ಮಾಡಿದ್ದು ನಾನಲ್ಲ ಮಾವ."

ಅವನು ದುರುಗುಟ್ಟಿ ನೋಡಿದ. "ಮಣ್ಣು ಮಾಡಿ ಬಂದು ನೋಡ್ಕೋತೀನಿ," ಎಂದು ಹೆಗಲು ಕೊಟ್ಟ.

ಗಂಡಸರು ಕಣ್ಮರೆಯಾದ ಮೇಲೆ ಸೊಸೆ ಹುಡುಗಿಯನ್ನು ಒಳಕೋಣೆಯಲ್ಲಿ ಕೂರಿಸಿ, ತಾನು ಹೊಸ್ತಿಲ ಮೇಲೆ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಮನೆ ಕಡೆ ಹೊರಟರು. ಎದುರು ಮನೆಯ ಅಜ್ಜಿ ಮಾತ್ರ ಅರ್ಧ ದಾರಿಗೆ ಹೋದವಳು ತಿರುಗಿ ಬಂದು ಪಕ್ಕದಲ್ಲಿ ಕೂತಳು. ಅವಳನ್ನು ನೋಡಿ ಇನ್ನಿಬ್ಬರು ಬಂದರು. ಕೊನೆಗೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಹುಡುಗಿಯ ತಾಯಿ ಬಂದಳು. ಕೂತಿದ್ದವರು ಸರಿದು ಜಾಗ ಕೊಟ್ಟರು.

ಮಬ್ಬುಗತ್ತಲಲ್ಲಿ ಜೀಪು ಬಂತು. ದೀಪದ ಬೆಳಕು ಹೆಂಗಸರ ಮುಖದ ಮೇಲೆ ಬಿತ್ತು. ಇಂಜಿನ್ ಆರಿಸದೆ ಇಬ್ಬರು ಕೆಳಗಿಳಿದರು. ಅವರ ಹಿಂದೆ ಹುಡುಗಿಯ ಅಪ್ಪ.

ಸೊಸೆ ಪಕ್ಕದಲ್ಲಿದ್ದ ಕೈಯನ್ನು ಗಪ್ಪನೆ ಹಿಡಿದುಕೊಂಡಳು. ಅದು ಹುಡುಗಿಯ ತಾಯಿಯ ಕೈ. ಹುಡುಗಿಯ ಅಪ್ಪ ಹೆಸರು ಹಿಡಿದು ಕೂಗಿದರೂ ಆ ತಾಯಿ ಕೂತಲ್ಲಿಂದ ಏಳಲಿಲ್ಲ.