ಚಂಚಿಯೊಳಗಿನ ಗುಳಿಗೆಗಳು

ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಎದ್ದವನಿಗೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡೂ ದೂರದ ಊರೇ. ಮೆಣಸಿನಕಾಯಿ ಪೇಟೆಯ ಗುಮಾಸ್ತ ರುದ್ರಮುನಿ ವಾರಕ್ಕೆರಡು ಸಲ ಬ್ಯಾಡಗಿಯಿಂದ ಡಯಾಲಿಸಿಸ್ಸಿಗೆ ಬಂದುಹೋಗಲು ಹಿಡಿದು ಮೂರು ವರ್ಷವಾಗಿತ್ತು. ಸಾಕಾಗಿ ಹೋಗಿತ್ತು. ಮನುಷ್ಯ ಎಷ್ಟಂತ ತಾಳಿಯಾನು?

ಆ ಮಂಗಳವಾರ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಉಚ್ಚಂಗೆವ್ವ ಅವನಿಗಾಗಿ ಕಾಯುತ್ತಿದ್ದಳು. ಅವಳ ಗಂಡ ಕೊಟ್ರೇಶ ಇಲ್ಲಿ ರುದ್ರಮುನಿಯ ಪಕ್ಕದ ಮಂಚದವನು. ಕಾಗಿನೆಲೆಯಲ್ಲಿ ಚಹಾದಂಗಡಿ ಇಟ್ಟಿದ್ದ. ಹೋದ ತಿಂಗಳು ಅಂಗಡಿಯ ಬಾಗಿಲು ತೆರೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಉಚ್ಚಂಗೆವ್ವ ಗಂಡನ ಎಲೆಯಡಿಕೆ ಚಂಚಿ ತೆಗೆದು ಬಿಚ್ಚಿದಳು. ಒಳಗೆ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಬರೀ ಬಿಪಿ ಗುಳಿಗೆ, ಹಿಡಿ ತುಂಬುವಷ್ಟು. ದಿನಾಲೂ ತಾನೇ ಅವನ ಅಂಗೈಗೆ ಹಾಕಿದ್ದವು ಎಂದಳು.

“ಬದುಕು ಬ್ಯಾಸರಾಗಿತ್ತೇನ್ರಿ ಅವ್ರಿಗೆ? ನನ್ನ ಬಿಟ್ಟು ಹೋಗಾಕಂತನ ಹಿಂಗ ಮಾಡಿದ್ರೇನು? ನಿಮ್ಮ ಮುಂದ ಏನರೆ ಅಂದಿದ್ರೇನ್ರಿ?”

ಗೊತ್ತಿಲ್ಲವೆಂದು ಬಸ್ ಹತ್ತಬಹುದಿತ್ತು. ಕೇಳುವವರು ಯಾರಿದ್ದರು? ಆದರೆ ಕೊಟ್ರೇಶ ಗುಳಿಗೆ ನುಂಗಿದರೆ ತಲೆ ತಿರುಗುತ್ತದೆಂದು ಗೋಳಾಡಿದಾಗ ಬಲ್ಲವನ ಹಾಗೆ ಬುದ್ಧಿ ಹೇಳಿದವನು ಇದೇ ರುದ್ರಮುನಿ. ಯಂತ್ರ ಮೈಯೊಳಗಿನ ನೀರು ಎಳೆದರೆ ಬಿಪಿ ತಾನಾಗಿ ಇಳಿಯುತ್ತದೆ, ಇಳಿದದ್ದಕ್ಕೆ ಗುಳಿಗೆ ಯಾಕೆ ಅಂದಿದ್ದ. ಯಂತ್ರ ರಕ್ತ ತೊಳೆಯಲಿಕ್ಕೆ, ಗುಳಿಗೆ ಹೃದಯ ಕಾಯಲಿಕ್ಕೆ, ಬಿಡಬೇಡಿ ಎಂದು ಡಾಕ್ಟರು ಇಬ್ಬರಿಗೂ ಬಡಕೊಂಡು ಹೇಳಿದ್ದರು. ಇಬ್ಬರೂ ಹೂಂ ಅಂದು ಹೊರಗೆ ಬಂದು ನಕ್ಕಿದ್ದರು. ದೊಡ್ಡ ಶಾಣ್ಯಾರು!

ನುಂಗಿದ್ದರೆ ಕೊಟ್ರೇಶ ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ಡಾಕ್ಟರೂ ಹೇಳಲಾರರು. ಆದರೆ ಗಂಡ ತನ್ನನ್ನು ಬೇಕೆಂದೇ ಬಿಟ್ಟುಹೋದನೆಂದು ಈ ಹೆಂಗಸು ಜೀವ ಇರುವತನಕ ಕೊರಗುವುದೇ? ರುದ್ರಮುನಿ ನಾಚಿಕೆಯಿಂದ ತಲೆ ತಗ್ಗಿಸಿದ. ಕಡೆಗೂ ಹೇಳಿದ.

“ಸಾಯಾಕಲ್ಲ ಯಕ್ಕಾ. ತಲಿ ತಿರಗತೈತಿ, ಅಂಗಡ್ಯಾಗ ನಿಂದ್ರಾಕ ಆಗವಲ್ದು ಅಂತ ಗುಳಿಗಿ ಬಿಟ್ಟಿದ್ದ. ಬಿಡು ಅಂತ ಹೇಳಿದಾಂವ ನಾನ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಚಂಚಿಯ ಬಾಯಿ ಕಟ್ಟುತ್ತ, ನೀವಾದರೂ ನುಂಗುತ್ತೀರೇನು ಎಂದು ಕೇಳಿದಳು.

ರುದ್ರಮುನಿ ಅಂಗಿಯ ಜೇಬಿನಿಂದ ಕಾಗದದ ಸಣ್ಣ ಪೊಟ್ಟಣ ತೆಗೆದ. ಯಂತ್ರದಿಂದ ಎದ್ದ ಮೇಲೆ ನುಂಗಲೆಂದು ಹೆಂಡತಿ ಸುರೇಖಾ ಮುಂಜಾನೆ ಕಟ್ಟಿಕೊಟ್ಟ ಗುಳಿಗೆ ಅದು. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಒಗೆಯುವವನಿದ್ದ.

“ನುಂಗ್ರಿ,” ಎಂದಳು.

ಬಾಯಿಗೆ ಹಾಕಿಕೊಂಡು, ಡಾಕ್ಟರು ಹೇಳಿದಂತೆ ದಿನಕ್ಕಿಷ್ಟೇ ಎಂದು ಅಳೆದಿಟ್ಟ ಬಾಟಲಿಯ ನೀರಿನಲ್ಲಿ ಒಂದು ಗುಟುಕು ಕುಡಿದ. ಗುಳಿಗೆ ಗಂಟಲು ಇಳಿಯುವವರೆಗೂ ಉಚ್ಚಂಗೆವ್ವ ಎದುರಿಗೇ ನಿಂತು ನೋಡಿದಳು.

“ಇಷ್ಟ ಹೊತ್ತು ನಿಂತು ನೋಡಿದ್ರ ಸಾಕಿತ್ತು ನಾನು,” ಎಂದಳು. “ಅವ್ರ ಕೈಯಾಗ ಕೊಟ್ಟು, ಒಲಿ ಹಚ್ಚಾಕ ಒಳಗ ಹೋಗಿಬಿಡ್ತಿದ್ದೆ.”