ರೆಕಾರ್ಡಿನಲ್ಲಿಲ್ಲದ ಪ್ರೋಗ್ರಾಂ

ದುರ್ಗಾಂಬಿಕಾಳ ಬೆರಳು ಮತ್ತೆ ನಿಂತಿತು, ಎಂಟರ್ ಕೀಲಿಯ ಮೇಲಲ್ಲ, ಅದಕ್ಕೊಂದು ನೂಲಿನಷ್ಟು ಮೇಲೆ, ಗಾಳಿಯಲ್ಲಿ — ಒತ್ತು ತಾಯಿ, ತಪ್ಪಾದರೆ ಕಂಪ್ಯೂಟರ್ ಹೊಡೆಯುವುದಿಲ್ಲ, ಆದರೆ ನಾನು ಬಾಯಿ ಬಿಡಬಾರದು, ಬಿಟ್ಟರೆ ಅದು ನನ್ನ ಪ್ರೋಗ್ರಾಂ ಆಗಿಬಿಡುತ್ತದೆ, ಹದಿನಾಲ್ಕು ವರ್ಷ ಕಂಪನಿಯಲ್ಲಿ ಕೂತು ಇನ್ನೊಬ್ಬರ ಕೋಡ್ ತಿದ್ದಿದ ಕೈ ಇದು, ಶಾಹೀನ್, ನೀನು ಈಗ ಟೀಚರ್, ಕೈ ಕಟ್ಟಿಕೊಂಡು ನಿಲ್ಲು. ತರಗತಿಯ ಮೂವತ್ನಾಲ್ಕು ಜನರಲ್ಲಿ ಮರುಪರೀಕ್ಷೆಗೆ ಬಂದವರು ಹನ್ನೊಂದು, ಹತ್ತು ಜನ ಪರದೆ ಖಾಲಿ ಬಿಟ್ಟು ಎದ್ದುಹೋದರು, ಉಳಿದವಳು ಇವಳೊಬ್ಬಳು, ಇವಳೂ ಎದ್ದರೆ ನಾಳೆಯಿಂದ ನಾನೂ ನೋಟ್ಸ್ ಬರೆಸುತ್ತ ಕೂರಬೇಕು, ಪ್ರಿನ್ಸಿಪಾಲ್ ಷಣ್ಮುಖಪ್ಪನವರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾರೆ, ಮೇಡಂ ಸ್ವಲ್ಪ ಕೆಳಗೆ ಇಳೀರಿ, ಇದು ಬೆಂಗಳೂರಲ್ಲ, ನ್ಯಾಮತಿ, ಒಬ್ಬರಾದ್ರೂ ಸ್ವಂತ ಬರೆದ್ರೆ ತೋರಿಸ್ರಿ, ಇಲ್ಲಾಂದ್ರೆ ಎಲ್ಲರಂಗೆ ಬಾಯಿಪಾಠ ಮಾಡಿಸಿ ಪಾಸ್ ಮಾಡ್ರಿ. ಹೇಗೆ ಇಳಿಯಲಿ, ಆ ಲ್ಯಾಬ್ ರೆಕಾರ್ಡ್ ಪುಸ್ತಕಗಳನ್ನು ನೋಡಿದ ಮೇಲೆ — ಸ್ಕೇಲಿಟ್ಟು ಎಳೆದ ಗೆರೆ, ಮುದ್ದಾದ ಅಕ್ಷರ, ಕೊನೆಗೆ ಔಟ್‌ಪುಟ್, ಹೆಸರು ಮೇಘಶ್ರೀ, ಮುಂದಿನ ಪುಸ್ತಕದಲ್ಲೂ ಮೇಘಶ್ರೀ, ಗಡ್ಡ ಬಂದ ಇಲಿಯಾಸನದ್ದರಲ್ಲೂ ಮೇಘಶ್ರೀ, ಹೋದ ವರ್ಷ ಪಾಸಾಗಿ ಹೋದ ಹುಡುಗಿಯ ರೆಕಾರ್ಡನ್ನು ಮೂವತ್ನಾಲ್ಕೂ ಜನ ಹೆಸರು ಸಮೇತ ನಕಲು ಮಾಡಿದ್ದರು, ಮೊದಲು ನಗು ಬಂತು, ಆಮೇಲೆ ಸಿಟ್ಟು, ಎಲ್ಲರಿಗೂ ಸೊನ್ನೆ ಹಾಕಿದೆ.

ಅಂದಿನಿಂದ ಸಂಜೆ ಆರರವರೆಗೆ ಸ್ಪೆಷಲ್ ಕ್ಲಾಸ್, ಐದಾಗುತ್ತಲೇ ಇವಳ ಕಣ್ಣು ಕಿಟಕಿಯ ಕಡೆ, ಲಕ್ಷ್ಯ ಎಲ್ಲೈತೆ ನಿಂದು ಅಂತ ಎಷ್ಟು ಸಲ ಗದರಿದೆನೋ, ಗದರಿದಾಗೆಲ್ಲ ಪರದೆಯ ಕಡೆ ತಿರುಗುವಳು. ಇವತ್ತು ಮರುಪರೀಕ್ಷೆಗೆ ಕೊಟ್ಟಿದ್ದು ಯಾವ ರೆಕಾರ್ಡಿನಲ್ಲೂ ಇಲ್ಲದ ಪ್ರಶ್ನೆ, ನಿಮ್ಮೂರಿನ ಬಸ್ಸುಗಳ ವೇಳೆ ತುಂಬಿಸಿ, ಈಗಿನ ವೇಳೆ ಕೊಟ್ಟರೆ ಮುಂದಿನ ಬಸ್ಸು ಯಾವಾಗ ಅಂತ ಹೇಳಬೇಕು. ಬೆರಳು ಇಳಿಯಿತು. ಪರದೆಯಲ್ಲಿ ಕೆಂಪು ಅಕ್ಷರ, ತಪ್ಪು, ಎದ್ದಳು, ಎದ್ದೇಬಿಟ್ಟಳು — ಇಲ್ಲ, ಕುರ್ಚಿ ಮುಂದೆ ಎಳೆದುಕೊಂಡಳು ಅಷ್ಟೆ, ಓದಿದಳು, ಬಿಟ್ಟುಹೋದ ಕಂಸ ಹಾಕಿದಳು, ಮತ್ತೆ ಒತ್ತಿದಳು, ಆಯ್ತು ಮೇಡಂ, ನೋಡ್ರಿ. ಬೆಳಿಗ್ಗೆ ಹತ್ತು ಕೊಟ್ಟೆ, ಹತ್ತೂವರೆ ಬಂತು, ಮಧ್ಯಾಹ್ನ ಮೂರು ಕೊಟ್ಟೆ, ಐದೂಕಾಲು ಬಂತು, ಯಾ ಅಲ್ಲಾ, ಇದು ಇವಳದ್ದೇ, ಪೂರ್ತಿ ಇವಳದ್ದೇ, ಎಷ್ಟು ಖುಷಿ ನನಗೆ, ಷಣ್ಮುಖಪ್ಪನವರನ್ನು ಈಗಲೇ ಕೂಗಲೇ, ತಡಿ, ಕೊನೆಯ ಬಸ್ಸು ಹೋದ ಮೇಲೆ ಏನು ಹೇಳುತ್ತದೆ, ಎಲ್ಲರೂ ಎಡವುವುದು ಅಲ್ಲೇ, ಕಂಪನಿಯ ಘಟಾನುಘಟಿಗಳೂ ಮರೆಯುತ್ತಿದ್ದರು, ಸಂಜೆ ಆರು ಒತ್ತಿದೆ — ಊರಿಗೆ ಬಸ್ ಇಲ್ಲ, ಸವಳಂಗದ ಬಸ್ ಹಿಡಿದು ಅಲ್ಲಿಂದ ನಾಕು ಕಿಲೋಮೀಟರ್ ನಡಿಯೋದು. ಐದೂಕಾಲಿನದೇ ಕೊನೆಯ ಬಸ್ಸು, ಅದಕ್ಕೇ ಆ ಕಿಟಕಿ, ಆರು, ನಾನೇ ಕ್ಲಾಸ್ ಬಿಡುವ ಹೊತ್ತು, ಮೂರು ವಾರ, ದಿನಾ, ಒಂದು ದಿನವಾದರೂ ಊರಿಗೆ ಹೇಗೆ ಹೋಗ್ತೀ ಅಂತ ಕೇಳಿದ್ದೇನೆಯೇ, ಪೂರ್ತಿ ಅಂಕ ಕೊಡಬೇಕು, ನಾಳೆಯಿಂದ ಸ್ಪೆಷಲ್ ಕ್ಲಾಸ್ ಬೆಳಿಗ್ಗೆ ಅಂತ ಹೇಳಬೇಕು, ಅವಳು ಕಾಯುತ್ತಿದ್ದಾಳೆ, ಸರಿ ಐತೇನ್ರಿ ಮೇಡಂ, ಸರಿ ಐತಮ್ಮ, ಅಷ್ಟೂ ಸರಿ ಐತೆ ಅಂತ ಹೇಳಬೇಕಾದವಳು ಮತ್ತೆ ಓದುತ್ತಿದ್ದೇನೆ, ಪರದೆಯ ಮೇಲೆ ಆ ಸಾಲು, ನಾಕು ಕಿಲೋಮೀಟರ್ ನಡಿಯೋದು, ನಾಕು ಕಿಲೋಮೀಟರ್